ಸೊಂಟ ಅಂದರೆ ಯಾವ ಜಾಗ?

ಮಂಡ್ಯದವನಿಗೆ ಮಂಡಿ ನೋವು ಅಂದರೆ ಯಾರೂ ಅಯ್ಯೋ ಅನ್ನುವುದಿಲ್ಲ, ನಗುತ್ತಾರೆ. ಮೊದಮೊದಲು ನಾನೂ ನಕ್ಕೆ.

2022ರ ದೀಪಾವಳಿ ಕಳೆದ ಮೇಲೆ ಎಡಗಾಲಿನ ಮಂಡಿಯ ಒಳಮಗ್ಗುಲು ಸಣ್ಣಗೆ ನೋಯಲು ಶುರುವಾಯಿತು. ನನಗಾಗ 44 ವರ್ಷ. ತಾಲ್ಲೂಕು ಕಚೇರಿ ಹತ್ತಿರ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ ಇದೆ. ಬೆಳಗ್ಗೆ 9ರಿಂದ ರಾತ್ರಿ 8ರ ತನಕ ಪಹಣಿ, ಆಧಾರ್, ಅಫಿಡವಿಟ್, ವಂಶವೃಕ್ಷ. ಮೆಷಿನ್ ಮುಂದೆ ನಿಂತು ನಿಂತು ಮಂಡಿ ಸವೆದಿರಬೇಕು ಅಂದುಕೊಂಡೆ. ಒಬ್ಬ ಡಾಕ್ಟರ ಹತ್ತಿರ ಹೋದೆ. ಮಂಡಿಗೆ ಎಕ್ಸ್‌ರೇ ತೆಗೆಸಿದರು. "ಸ್ವಲ್ಪ ಸವೆತ ಶುರುವಾಗಿದೆ, ತೂಕ ಇಳಿಸಿ" ಅಂದರು. ಮಾತ್ರೆ, ಮುಲಾಮು, ಮಂಡಿಗೆ ಹಾಕುವ ಕ್ಯಾಪು. ಮಂಡಿ ಒತ್ತಿದರೆ ನೋಯುತ್ತಿರಲಿಲ್ಲ. ಮಡಚಿದರೂ ನೋಯುತ್ತಿರಲಿಲ್ಲ. ನಡೆದರೆ ಮಾತ್ರ ನೋವು. ಇದ್ಯಾಕೆ ಹೀಗೆ ಅಂತ ಅವರೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ.

ನಾಲ್ಕು ತಿಂಗಳಾದ ಮೇಲೆ ನೋವು ಮೇಲಕ್ಕೆ ಹತ್ತಿತು. ತೊಡೆ, ತೊಡೆಸಂದು, ಹಿಂದೆ ಪಿರ್ರೆಯ ಪಕ್ಕ. ಇನ್ನೊಬ್ಬ ಡಾಕ್ಟರ ಹತ್ತಿರ ಹೋಗಿ "ಸಾರ್, ಸೊಂಟ ನೋವು" ಅಂದೆ. ಆ ಒಂದು ಮಾತು ನನ್ನ ಹತ್ತು ತಿಂಗಳು ತಿಂದಿತು.

ಸೊಂಟ ಅಂದ ಕೂಡಲೇ ಅವರು ಬೆನ್ನಿಗೆ ಎಂಆರ್‌ಐ ಬರೆದರು. ಬೆನ್ನಿನ ಕೆಳಭಾಗದ ಎಲ್4, ಎಲ್5 ಮೂಳೆಗಳ ನಡುವಿನ ಡಿಸ್ಕ್ ಉಬ್ಬಿದೆ ಅಂತ ರಿಪೋರ್ಟ್ ಬಂತು. ಬಂದೇ ಬರುತ್ತದೆ. 40 ದಾಟಿದವರ ಬೆನ್ನು ಸ್ಕ್ಯಾನ್ ಮಾಡಿದರೆ ನೋವೇ ಇಲ್ಲದ ಎಷ್ಟೋ ಜನರಲ್ಲೂ ಇಂಥ ಉಬ್ಬು ಕಾಣುತ್ತದೆ ಅಂತ ನನಗೆ ಆಮೇಲೆ ಗೊತ್ತಾಯಿತು. ಆಗ ಮಾತ್ರ, ಕಳ್ಳ ಸಿಕ್ಕಿಬಿದ್ದ ಅಂತ ಸಮಾಧಾನ. ಬೆಲ್ಟ್ ಕಟ್ಟಿಕೊಂಡೆ. ವಾರಕ್ಕೆ ಮೂರು ದಿನ ಮಂಚದ ಮೇಲೆ ಮಲಗಿಸಿ ಎಳೆಯುವ ಟ್ರಾಕ್ಷನ್. ಬೆಲ್ಟಿನ ಕೆಳಗೆ ಬೆವರುಸಾಲೆ ಎದ್ದಿತು, ಅಷ್ಟೇ.

ಅಂಗಡಿಯಲ್ಲಿ ಕೂತು ಕನ್ನಡ ಟೈಪ್ ಮಾಡುವುದೇ ನನ್ನ ಕಸುಬು. ಹಾಗಾಗಿ ಈ ಸೊಂಟ ಅನ್ನುವ ಪದದ ಬಗ್ಗೆ ಆಮೇಲೆ ಬಹಳ ತಲೆ ಕೆಡಿಸಿಕೊಂಡೆ. ಭಾರ ಎತ್ತಿ "ಸೊಂಟ ಹಿಡ್ಕೊಂತು" ಅಂದರೆ ಅದು ಬೆನ್ನಿನ ಕೆಳಭಾಗ. ಉಡುದಾರ ಕಟ್ಟುವ ಸೊಂಟ ಹೊಕ್ಕುಳಿನ ಹತ್ತಿರ. ಮಗುವನ್ನೋ ಕೊಡವನ್ನೋ ಸೊಂಟದ ಮೇಲೆ ಕೂರಿಸಿಕೊಂಡರೆ ಅದು ಪಕ್ಕಕ್ಕೆ ಚಾಚಿದ ಮೂಳೆಯ ಅಂಚು. ಬಚ್ಚಲಲ್ಲಿ ಜಾರಿ "ಅಜ್ಜಿ ಸೊಂಟ ಮುರ್ಕೊಂಡಳು" ಅಂದರೆ ಮುರಿದಿರುವುದು ತೊಡೆಮೂಳೆಯ ಕತ್ತು. ನಾಲ್ಕು ಜಾಗಕ್ಕೆ ಒಂದೇ ಹೆಸರು. ಟೊಂಕ ಅನ್ನೋಣ ಅಂದರೆ ಅದನ್ನು ಈಗ ಟೊಂಕ ಕಟ್ಟಿ ನಿಲ್ಲುವುದಕ್ಕೆ ಮಾತ್ರ ಉಳಿಸಿಕೊಂಡಿದ್ದೇವೆ. ತೊಡೆಮೂಳೆ ಬಂದು ಸೇರುವ ಆ ಕೀಲಿಗೆ ಮಾತ್ರ ನಮ್ಮ ಮನೆಮಾತಿನಲ್ಲಿ ಬೇರೆ ಹೆಸರಿಲ್ಲ. ಡಾಕ್ಟರುಗಳು ಹಿಪ್ ಅನ್ನುತ್ತಾರೆ. ನಾವು ಸೊಂಟ ಅನ್ನುತ್ತೇವೆ. ಅವರಿಗೆ ಬೆನ್ನು ಅಂತ ಕೇಳಿಸುತ್ತದೆ.

ಇನ್ನೊಂದು ವಿಷಯ. ಆ ಕೀಲು ಇರುವುದು ನಾವು ಅಂದುಕೊಂಡಿರುವ ಜಾಗದಲ್ಲಿ ಅಲ್ಲ. ಪಕ್ಕಕ್ಕೆ ಕೈಯಿಟ್ಟರೆ ಸಿಗುವ ಗಟ್ಟಿ ಮೂಳೆ ಕೀಲಲ್ಲ. ಕೀಲು ಇನ್ನೂ ಒಳಗಡೆ, ಹೆಚ್ಚುಕಮ್ಮಿ ತೊಡೆಸಂದಿನ ಹಿಂದೆ. ಅದಕ್ಕೇ ಕೀಲು ಕೆಟ್ಟರೆ ನೋವು ಜಾಸ್ತಿ ಕಾಣುವುದು ತೊಡೆಸಂದಿನಲ್ಲಿ. ನಮ್ಮ ಕಡೆ ಗಂಡಸರು ತೊಡೆಸಂದಿನ ನೋವು ಅಂತ ಬಾಯಿಬಿಟ್ಟು ಹೇಳುತ್ತಾರಾ? ನಾನಂತೂ ಹೇಳಲಿಲ್ಲ. ಕಾಂಪೌಂಡರ್ ಹುಡುಗಿ ಪಕ್ಕದಲ್ಲೇ ನಿಂತಿದ್ದಳು. ಸುಮ್ನೆ ಸೊಂಟ ಅಂದುಬಿಟ್ಟೆ.

ನಡುವೆ ದೇಹ ಬೇರೆ ಬೇರೆ ರೀತಿಯಲ್ಲಿ ಹೇಳುತ್ತಲೇ ಇತ್ತು. ಎಡಗಾಲಿನ ಉಗುರು ಕತ್ತರಿಸಲು ಆಗುತ್ತಿರಲಿಲ್ಲ, ಕಾಲು ಮೇಲೆ ಬರುತ್ತಿರಲಿಲ್ಲ. ಹೆಂಡತಿಯೇ ಕತ್ತರಿಸುತ್ತಿದ್ದಳು. ಬೈಕ್ ಹತ್ತುವಾಗ ಕಾಲನ್ನು ಕೈಯಿಂದ ಎತ್ತಿ ಆಚೆ ಹಾಕಬೇಕಿತ್ತು. ಪ್ಯಾಂಟ್ ಹಾಕಲು ಮಂಚದ ಮೇಲೆ ಕೂರಬೇಕಿತ್ತು. 2023ರಲ್ಲಿ ಅಕ್ಕನ ಮಗಳ ಮದುವೆ. ಸೋದರಮಾವ ನಾನೇ, ಶಾಸ್ತ್ರಕ್ಕೆ ಕೂರಬೇಕು. ಪುರೋಹಿತರು ಮಣೆ ತೋರಿಸಿದರು. ಚಕ್ಕಳಮಕ್ಕಳ ಹಾಕಿ ಕೂರಲು ಹೋದರೆ ಬಲಮಂಡಿ ನೆಲಕ್ಕೆ ತಾಗಿತು, ಎಡಮಂಡಿ ಗೋಪುರದ ಹಾಗೆ ಮೇಲೆಯೇ ನಿಂತಿತು. ಹಿಂದಿನಿಂದ ಭಾವ "ಏನ್ಲಾ, ಅರ್ಧ ಮಡಚ್ತೀಯ, ಅರ್ಧ ಬಿಡ್ತೀಯ" ಅಂದರು. ಇಡೀ ಛತ್ರ ನಕ್ಕಿತು. ಬೆನ್ನುನೋವಿನವರಿಗೆ ಚಕ್ಕಳಮಕ್ಕಳ ಹಾಕಲು ಒಂದು ಕಾಲು ಮಾತ್ರ ಯಾಕೆ ಒಪ್ಪುವುದಿಲ್ಲ ಅಂತ ಅಲ್ಲಿ ಯಾರಿಗೂ ಹೊಳೆಯಲಿಲ್ಲ.

ಹೊಳೆದಿದ್ದು ಒಬ್ಬ ಫಿಸಿಯೋಥೆರಪಿ ಹುಡುಗಿಗೆ. ಟ್ರಾಕ್ಷನ್ ಮಾಡುವ ಕಡೆ ಹೊಸದಾಗಿ ಸೇರಿದ್ದಳು, ಇನ್ನೂ 25 ದಾಟಿರಲಿಕ್ಕಿಲ್ಲ. ನಾನು ಬಾಗಿಲಿಂದ ಮಂಚದವರೆಗೆ ನಡೆದು ಬಂದದ್ದನ್ನು ನೋಡಿ "ಸಾರ್, ಇನ್ನೊಂದ್ಸಲ ನಡೀರಿ" ಅಂದಳು. ಆಮೇಲೆ ಅಂಗಾತ ಮಲಗಿಸಿ ಮಂಡಿ ಮಡಚಿ, ಪಾದವನ್ನು ಮೆಲ್ಲಗೆ ಹೊರಗಡೆಗೆ ತಿರುಗಿಸಿದಳು. ಪಾದ ಹೊರಗೆ ಹೋದರೆ ತೊಡೆ ಒಳಗೆ ತಿರುಗುತ್ತದೆ. ಬಲಗಾಲು ಸಲೀಸಾಗಿ ತಿರುಗಿತು. ಎಡಗಾಲು ಎರಡು ಬೆರಳಿನಷ್ಟು ತಿರುಗುವುದರೊಳಗೆ ನಾನು ಮಂಚದಿಂದ ಎದ್ದು ಕೂತಿದ್ದೆ.

"ಸಾರ್, ಇದು ಬೆನ್ನೂ ಅಲ್ಲ, ಮಂಡೀನೂ ಅಲ್ಲ. ನಿಮ್ಮ ಹಿಪ್ ಎಕ್ಸ್‌ರೇ ಯಾರೂ ತೆಗೆಸಿಲ್ವಾ?"

ಯಾರೂ ತೆಗೆಸಿರಲಿಲ್ಲ. ಹದಿನಾಲ್ಕು ತಿಂಗಳಲ್ಲಿ ಮಂಡಿಗೆ ಎರಡು ಎಕ್ಸ್‌ರೇ, ಬೆನ್ನಿಗೆ ಒಂದು ಎಂಆರ್‌ಐ. ನಡುವೆ ಇರುವ ಕೀಲಿಗೆ ಒಂದು ಫಿಲ್ಮೂ ಇಲ್ಲ. "ಎರಡೂ ಕಡೆ ಕಾಣೋ ಹಾಗೆ ತೆಗೆಸಿ" ಅಂತ ಚೀಟಿ ಬರೆದುಕೊಟ್ಟಳು. ಆ "ಎರಡೂ ಕಡೆ" ಅನ್ನುವ ಮಾತಿಗೆ ನಾನು ಇವತ್ತಿಗೂ ಋಣಿ.

ಫಿಲ್ಮ್ ಹಿಡಿದು ಸರ್ಕಾರಿ ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಹೋದೆ. ಸಾಲಿನಲ್ಲಿ ಎರಡು ಗಂಟೆ. ಡಾಕ್ಟರು ಫಿಲ್ಮ್ ನೋಡುವ ಮೊದಲು "ಎಲ್ಲಿ ನೋವು? ಹೇಳಬೇಡಿ, ಕೈಯಿಟ್ಟು ತೋರಿಸಿ" ಅಂದರು. ಕೈ ತಾನಾಗಿಯೇ ಹೋಗಿ ಪಕ್ಕೆಯ ಕೆಳಗೆ ತಬ್ಬಿಕೊಂಡಿತು. ಹೆಬ್ಬೆರಳು ಹಿಂದೆ, ಉಳಿದ ನಾಲ್ಕು ಬೆರಳು ಮುಂದೆ ತೊಡೆಸಂದಿನ ಕಡೆಗೆ. ಅವರು ನಕ್ಕು ಪಕ್ಕದಲ್ಲಿದ್ದ ಹೌಸ್ ಸರ್ಜನ್‌ಗಳಿಗೆ ನನ್ನ ಕೈಯನ್ನೇ ತೋರಿಸಿದರು. ಇಂಗ್ಲಿಷಿನ ಸಿ ಅಕ್ಷರದ ಹಾಗೆ ಹಿಡಿಯುವ ಈ ಕೈಗೆ ಅವರ ಪುಸ್ತಕದಲ್ಲಿ ಹೆಸರೇ ಇದೆಯಂತೆ. ಒಂದು ವರ್ಷ ಬಾಯಿ ತಪ್ಪು ಹೇಳುತ್ತಿತ್ತು, ಕೈ ಸರಿ ಹೇಳಿತು.

ಫಿಲ್ಮನ್ನು ಬೆಳಕಿಗೆ ಹಿಡಿದಾಗ ನನಗೂ ಕಂಡಿತು. ಬಲಗಡೆ ತೊಡೆಮೂಳೆಯ ತಲೆ ದುಂಡಗೆ, ಬಟ್ಟಲಿನಲ್ಲಿ ಕೂತಿದೆ. ಎಡಗಡೆಯದು ನೆತ್ತಿಯಲ್ಲಿ ತಗ್ಗಾಗಿದೆ. ಬಿಸಿ ಮುದ್ದೆಯ ನೆತ್ತಿಯನ್ನು ಬೆರಳಿಂದ ಒತ್ತಿದರೆ ಹೇಗೆ ಕೂರುತ್ತದೋ ಹಾಗೆ.

"ಯಾವೂರು ನಿಮ್ದು?" ಅಂದರು. ಮಳವಳ್ಳಿ ತಾಲ್ಲೂಕು ಅಂದೆ. "ಹಾಗಾದ್ರೆ ನಿಮಗೆ ಬೇಗ ಅರ್ಥ ಆಗುತ್ತೆ. ವಿ.ಸಿ. ನಾಲೆ ಕೊನೆ ಭಾಗಕ್ಕೆ ನೀರು ಬರುತ್ತಾ?"

ಬರುವುದಿಲ್ಲ. ಕೆಆರ್‌ಎಸ್ ತುಂಬಿದರೂ ಮದ್ದೂರು, ಮಳವಳ್ಳಿಯ ಕೊನೆ ಭಾಗದವರು ನೀರಿಗೆ ಕಾಯುವುದು ತಪ್ಪುವುದಿಲ್ಲ. ನಮ್ಮಪ್ಪ ರಾತ್ರಿಯೆಲ್ಲ ತೂಬಿನ ಹತ್ತಿರ ಕೂತದ್ದನ್ನು ನೋಡಿ ಬೆಳೆದವನು ನಾನು. ತೊಡೆಮೂಳೆಯ ತಲೆಯೂ ಹಾಗೇ ಕೊನೆ ಭಾಗದ ಜಮೀನು ಅಂದರು ಡಾಕ್ಟರು. ಸುಮಾರು 5 ಸೆಂಟಿಮೀಟರ್ ಅಗಲದ ಗುಂಡು, ಅದಕ್ಕೆ ರಕ್ತ ಹೋಗುವುದು ಮೂಳೆಯ ಕತ್ತಿಗೆ ಅಂಟಿಕೊಂಡು ಮೇಲಕ್ಕೆ ಹತ್ತುವ ಕೂದಲಂಥ ನಾಳಗಳಲ್ಲಿ. ಅವು ಮುಚ್ಚಿಹೋದರೆ ಬೇರೆ ಕಾಲುವೆ ಇಲ್ಲ ಅನ್ನಬೇಕು. ಒಳಗಿನ ಮೂಳೆ ಸಾಯುತ್ತದೆ. ಸತ್ತ ಮೂಳೆ ತಕ್ಷಣ ಕುಸಿಯುವುದಿಲ್ಲ, ಎಷ್ಟೋ ತಿಂಗಳು ಹಾಗೇ ನಿಂತಿರುತ್ತದೆ. ಆ ಹಂತದಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದೇ ಇರಬಹುದು, ಎಂಆರ್‌ಐನಲ್ಲಿ ಮಾತ್ರ ಗೊತ್ತಾಗುತ್ತದೆ. ಆಮೇಲೆ ಮೈಭಾರ ಹೊತ್ತು ಹೊತ್ತು ಒಂದು ದಿನ ನೆತ್ತಿ ಕುಸಿಯುತ್ತದೆ. ಕಾಯಿಲೆಯ ಹೆಸರು ಅವ್ಯಾಸ್ಕ್ಯುಲರ್ ನೆಕ್ರೋಸಿಸ್. ಎಲ್ಲರೂ ಎವಿಎನ್ ಅನ್ನುತ್ತಾರೆ. ಕುಸಿಯುವ ಮೊದಲು ಸಿಕ್ಕಿದ್ದರೆ ಮೂಳೆಗೆ ತೂತು ಕೊರೆದು ಒಳಗಿನ ಒತ್ತಡ ಇಳಿಸಿ ನೋಡಬಹುದಿತ್ತು. ನನ್ನದು ಆ ಗಡಿ ದಾಟಿತ್ತು.

ಆಮೇಲೆ ಎರಡು ಪ್ರಶ್ನೆ ಕೇಳಿದರು. "ಕುಡೀತೀರಾ?" ನಾನು ಅಪರೂಪಕ್ಕೆ ಅಂದೆ. ಹೆಂಡತಿ ಕಿಟಕಿಯ ಕಡೆ ನೋಡಿದಳು. ಡಾಕ್ಟರು ಅವಳನ್ನು ನೋಡಿ ಬರೆದುಕೊಂಡರು. "ಸ್ಟೆರಾಯ್ಡ್ ತಗೊಂಡಿದ್ದೀರಾ?" ಇಲ್ಲ ಅಂದೆ. ಕೋವಿಡ್ ಬಂದಾಗ? ನನಗೆ ಕೋವಿಡ್ ಜೋರಾಗಿ ಬಂದಿರಲಿಲ್ಲ. "ನಾಟಿ ಔಷಧಿ, ಪುಡಿ ಏನಾದ್ರೂ?"

ಇಲ್ಲಿ ನನ್ನ ಕಥೆ ಹೇಳಲೇಬೇಕು. ನನಗೆ ಚಿಕ್ಕಂದಿನಿಂದ ದಮ್ಮು. ಆಲೆಮನೆ ಹೊಗೆ ಕುಡಿದರೆ ರಾತ್ರಿಯೆಲ್ಲ ಕೂತೇ ಇರಬೇಕು. ಇನ್ಹೇಲರ್ ಬರೆದುಕೊಟ್ಟಿದ್ದರು. ಅದನ್ನು ಎಳೆದರೆ ಅಭ್ಯಾಸ ಆಗಿಬಿಡುತ್ತೆ ಅಂತ ಯಾರೋ ಹೆದರಿಸಿದ್ದರು. 2020ರಲ್ಲಿ ಸಂತೆಯಲ್ಲಿ ಪುಡಿ ಮಾರುವವನೊಬ್ಬ ಅಂಗಡಿಗೆ ಬಂದ. ಪೊಟ್ಟಣಕ್ಕೆ ಅಂಟಿಸಲು ಚೀಟಿ ಬೇಕಿತ್ತು. "ಶುದ್ಧ ಗಿಡಮೂಲಿಕೆ. ಪಥ್ಯವಿಲ್ಲ. ಅಡ್ಡಪರಿಣಾಮವಿಲ್ಲ." ಟೈಪ್ ಮಾಡಿದ್ದು ನಾನೇ. ಒಂದು ಹಾಳೆಗೆ ಹನ್ನೆರಡು ಚೀಟಿ, ಸುತ್ತ ಎಲೆಬಳ್ಳಿ ಬಾರ್ಡರ್ ಹಾಕಿದ್ದೂ ನಾನೇ. ದುಡ್ಡಿನ ಬದಲು ಎರಡು ತಿಂಗಳ ಪುಡಿ ಕೊಟ್ಟ. ಮೂರನೇ ದಿನಕ್ಕೆ ದಮ್ಮು ಮಾಯ. ದೇವರು ಬಂದ ಹಾಗಾಯಿತು. ಎರಡು ವರ್ಷ ನುಂಗಿದೆ. ಹಸಿವು ಜೋರಾಯಿತು. ಮುಖ ತುಂಬಿಕೊಂಡಿತು, ಕೆನ್ನೆ ದುಂಡಗಾಯಿತು. ಬಂದವರೆಲ್ಲ "ಚೆನ್ನಾಗಾಗಿದ್ದೀಯ ಕಣಯ್ಯಾ" ಅಂದರು. ಬರೀ ಗಿಡಮೂಲಿಕೆ ಅಷ್ಟು ಬೇಗ ಕೆಲಸ ಮಾಡುತ್ತಾ ಅಂತ ಒಂದು ಸಲವೂ ಕೇಳಿಕೊಳ್ಳಲಿಲ್ಲ.

ಡಾಕ್ಟರು ನನ್ನ ಹಳೇ ಆಧಾರ್ ಫೋಟೋ, 2022ರಲ್ಲಿ ತೆಗೆದ ಪಾಸ್‌ಪೋರ್ಟ್ ಸೈಜ್ ಫೋಟೋ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಪುಡಿಯನ್ನು ಯಾರೂ ಪರೀಕ್ಷೆ ಮಾಡಿಲ್ಲ. ಅದರಲ್ಲಿ ಏನಿತ್ತು ಅಂತ ಆಣೆ ಹಾಕಿ ಹೇಳಲು ಆಗುವುದಿಲ್ಲ. ಆದರೆ ಇಂಥ ಪೊಟ್ಟಣಗಳಲ್ಲಿ ಸ್ಟೆರಾಯ್ಡ್ ಮಾತ್ರೆ ಅರೆದು ಬೆರೆಸಿರುವುದು ಹೊಸದೇನಲ್ಲ ಅಂದರು. ಜಾಸ್ತಿ ಪ್ರಮಾಣದ ಸ್ಟೆರಾಯ್ಡ್, ಹೆಂಡ, ಎರಡೂ ಎವಿಎನ್‌ಗೆ ದೊಡ್ಡ ಕಾರಣಗಳು. ಮಜ್ಜೆಯಲ್ಲಿ ಕೊಬ್ಬು ಜಾಸ್ತಿಯಾಗಿ ಆ ಸಣ್ಣ ನಾಳಗಳು ಒತ್ತಿಹೋಗುತ್ತವೆ, ಕಟ್ಟಿಕೊಳ್ಳುತ್ತವೆ.

ಇದನ್ನು ಓದಿ ಯಾರೂ ಡಾಕ್ಟರು ಬರೆದುಕೊಟ್ಟ ಸ್ಟೆರಾಯ್ಡನ್ನು ಹೆದರಿ ಬಿಸಾಡಬೇಡಿ. ನಾನು ಅದನ್ನೇ ಮಾಡಲು ಹೊರಟು ಬೈಸಿಕೊಂಡೆ. ನಮ್ಮ ದೇಹ ತಾನೇ ದಿನಾ ಒಂದಿಷ್ಟು ಸ್ಟೆರಾಯ್ಡ್ ತಯಾರಿಸುತ್ತದೆ. ಹೊರಗಿನಿಂದ ಬಂದು ಬೀಳುತ್ತಲೇ ಇದ್ದರೆ ಅದು ಕೆಲಸ ನಿಲ್ಲಿಸಿ ಕೂತುಬಿಡುತ್ತದೆ. ಒಂದೇ ಸಲ ಬಿಟ್ಟರೆ ಬಿಪಿ ಇಳಿದು ಬಿದ್ದುಹೋಗಬಹುದು. ಡಾಕ್ಟರು ಹೇಳಿದ ಹಾಗೆ ಮೆಲ್ಲಗೆ ಇಳಿಸಬೇಕು. ನಾನು ಯಾವ ಇನ್ಹೇಲರಿಗೆ ಹೆದರಿದ್ದೆನೋ ಅದರಲ್ಲಿರುವುದು ಬಹಳ ಸಣ್ಣ ಡೋಸು, ಅದೂ ನೇರ ಶ್ವಾಸಕೋಶಕ್ಕೆ. ಈಗ ಅದೇ ನನ್ನ ಜೇಬಿನಲ್ಲಿದೆ.

ಹಾಗಾದರೆ ಮಂಡಿ ಯಾಕೆ ನೋಯುತ್ತಿತ್ತು? ಹಿಪ್ಪಿನ ಕೀಲಿಗೂ ಮಂಡಿಗೂ ಒಂದೇ ನರದಿಂದ ಕವಲು ಹೋಗಿರುತ್ತದೆ. ಮೇಲಿನ ಮನೆಯಲ್ಲಿ ಬೆಂಕಿ ಬಿದ್ದರೆ ಕೆಳಗಿನ ಮನೆಯ ಬೆಲ್ ಹೊಡೆದುಕೊಳ್ಳುತ್ತದೆ. ಮಕ್ಕಳಲ್ಲಿ ಇದು ಇನ್ನೂ ಮುಖ್ಯ ಅಂದರು. ಐದಾರು ವರ್ಷದ ಮಗು ಕುಂಟುತ್ತಾ ಮಂಡಿ ನೋವು ಅಂದರೆ, ಮಂಡಿ ನೋಡಿ ಸುಮ್ಮನಾಗದೆ ಹಿಪ್ ನೋಡಲೇಬೇಕಂತೆ. ಆ ವಯಸ್ಸಿನಲ್ಲಿ ತೊಡೆಮೂಳೆಯ ತಲೆಗೆ ರಕ್ತ ಕಡಿಮೆಯಾಗುವ ಪರ್ಥೆಸ್ ಅನ್ನುವ ಕಾಯಿಲೆ ಇದೆ. ಹದಿಹರೆಯದಲ್ಲಿ, ಅದರಲ್ಲೂ ದಪ್ಪಗಿರುವ ಮಕ್ಕಳಲ್ಲಿ, ತಲೆಯೇ ಕತ್ತಿನಿಂದ ಜಾರುವುದೂ ಉಂಟು. ಇದನ್ನು ಹೇಳಿದ ದಿನದಿಂದ ಅಂಗಡಿಗೆ ಬರುವ ಮಕ್ಕಳ ನಡಿಗೆ ನೋಡುವುದು ನನಗೊಂದು ಚಟವಾಗಿದೆ.

ಅವತ್ತು ಮನೆಗೆ ಬಂದು ಮಲಗಿದಾಗ ನೆನಪಾದದ್ದು ನಮ್ಮಜ್ಜಿ. 1996ರಲ್ಲಿ ಬಚ್ಚಲಲ್ಲಿ ಜಾರಿದಳು. ನಾನು ಎತ್ತಲು ಹೋದವನು. ಅವಳ ಬಲಗಾಲು ಎಡಗಾಲಿಗಿಂತ ಗಿಡ್ಡ ಕಾಣುತ್ತಿತ್ತು, ಪಾದ ಪೂರ್ತಿ ಹೊರಗಡೆ ವಾಲಿ ಬಿದ್ದಿತ್ತು, ಕಾಲುಂಗುರ ನೆಲಕ್ಕೆ ತಾಗುವಷ್ಟು. "ಸೊಂಟ ಮುರೀತು, ಇನ್ನೇನು ಮಾಡೋಕಾಗುತ್ತೆ" ಅಂದರು ದೊಡ್ಡವರು. ಕಟ್ಟು ಕಟ್ಟುವವನನ್ನು ಕರೆಸಿದರು. ಅವನು ಬೆನ್ನಿನ ಕೆಳಗೆ ಸೊಪ್ಪು ಅರೆದು ಕಟ್ಟಿ, ಬಿದಿರು ದಬ್ಬೆ ಇಟ್ಟ. ಮುರಿದಿದ್ದು ತೊಡೆಮೂಳೆಯ ಕತ್ತು, ಕಟ್ಟು ಬಿದ್ದದ್ದು ಬೆನ್ನಿಗೆ. ಅಜ್ಜಿ ನಾಲ್ಕು ತಿಂಗಳು ಮಲಗಿ, ಬೆನ್ನು ಹುಣ್ಣಾಗಿ, ಕಫ ಕಟ್ಟಿ ಹೋದಳು. ಈಗ ಆದರೆ ಒಂದೆರಡು ದಿನದೊಳಗೆ ಆಪರೇಷನ್ ಮಾಡಿ ಮರುದಿನವೇ ನಿಲ್ಲಿಸಲು ನೋಡುತ್ತಾರೆ. ವಯಸ್ಸಾಯಿತು, ಆಪರೇಷನ್ ಬೇಡ ಅಂತ ಮನೆಯವರು ಹಿಂದೇಟು ಹಾಕುವುದನ್ನು ಈಗಲೂ ಅಂಗಡಿಯಲ್ಲಿ ಕೂತು ಕೇಳುತ್ತೇನೆ. ವಯಸ್ಸಾದವರಿಗೆ ಮಲಗಿರುವುದೇ ಅಪಾಯ. ಅಜ್ಜಿಯನ್ನು ಮೂಳೆ ಕೊಲ್ಲಲಿಲ್ಲ, ಹಾಸಿಗೆ ಕೊಂದಿತು.

ನನಗೆ ಇನ್ನು ಕೀಲನ್ನೇ ಬದಲಾಯಿಸಬೇಕು, ಆ ಆಪರೇಷನ್ನಿಗೆ ಎರಡು ತಿಂಗಳು ಕಾಯಬೇಕಿತ್ತು. ಅಲ್ಲಿಯವರೆಗೆ ಕೋಲು. ಎಡಗಾಲು ಕೆಟ್ಟಿದೆ, ಕೋಲು ಬಲಗೈಯಲ್ಲಿ. ರಸ್ತೆಯಲ್ಲಿ ಕಂಡವರೆಲ್ಲ ತಿದ್ದಿದರು. "ನೋವಿರೋ ಕಡೆ ಹಿಡ್ಕೊಳ್ಳಯ್ಯಾ, ಅಷ್ಟೂ ಗೊತ್ತಾಗಲ್ವಾ?" ಹೂವಿನ ಅಜ್ಜಿಯಿಂದ ಹಿಡಿದು ಸರ್ವೇ ಇಲಾಖೆಯ ಸೂಪರಿಂಟೆಂಡೆಂಟ್‌ವರೆಗೆ. ದಿನಾ ಉತ್ತರ ಹೇಳಿ ಸಾಕಾಗಿ ಇಲ್ಲಿ ಬರೆದುಬಿಡುತ್ತೇನೆ. ಒಂದೇ ಕಾಲಿನ ಮೇಲೆ ನಿಂತಾಗ ಆ ಹಿಪ್ ತಕ್ಕಡಿಯ ಮುಳ್ಳಿನ ಜಾಗದಲ್ಲಿರುತ್ತದೆ. ಒಂದು ಕಡೆ ಇಡೀ ಮೈಯ ಭಾರ, ಮುಳ್ಳಿನಿಂದ ದೂರ. ಇನ್ನೊಂದು ಕಡೆ ಪಿರ್ರೆ ಪಕ್ಕದ ಸ್ನಾಯು, ಮುಳ್ಳಿಗೆ ಹತ್ತಿರ. ಗಿಡ್ಡ ತೋಳಿನ ಕಡೆಯವನು ಜಾಸ್ತಿ ಜಗ್ಗಲೇಬೇಕು. ಆ ಜಗ್ಗಾಟವೂ ಮೈಭಾರವೂ ಸೇರಿ, ನಡೆಯುವಾಗ ಕೀಲಿನ ಮೇಲೆ ಬೀಳುವುದು ನಮ್ಮ ತೂಕದ ಎರಡೂವರೆಯಿಂದ ಮೂರು ಪಟ್ಟು. ನನ್ನ 78 ಕೆ.ಜಿ. ಅಲ್ಲಿ ಹೆಚ್ಚುಕಮ್ಮಿ ಎರಡು ಕ್ವಿಂಟಾಲ್ ಆಗುತ್ತದೆ. ಕೋಲನ್ನು ಎದುರುಗೈಯಲ್ಲಿ ಹಿಡಿದರೆ ಉದ್ದ ತೋಳಿನ ಕಡೆಯಿಂದ ಮೈಯನ್ನು ಸ್ವಲ್ಪ ಎತ್ತಿಹಿಡಿದ ಹಾಗೆ. ಸ್ನಾಯು ಅಷ್ಟು ಜಗ್ಗಬೇಕಿಲ್ಲ, ಕೀಲಿಗೂ ಆರಾಮ. ಕೋಲಿಲ್ಲದಾಗ ನಾನು ಎಡಕ್ಕೆ ವಾಲಿ ವಾಲಿ ನಡೆಯುತ್ತಿದ್ದೆನಲ್ಲ, ಅದೂ ಇದೇ ಲೆಕ್ಕ. ದೇಹ ತಾನೇ ಭಾರವನ್ನು ಮುಳ್ಳಿನ ಹತ್ತಿರ ತಂದುಕೊಳ್ಳುತ್ತಿತ್ತು.

ಕಾಗದ ಪತ್ರದ ಕಥೆ ಚಿಕ್ಕದಾಗಿ ಹೇಳುತ್ತೇನೆ. ಊರಿನವರಿಗೆಲ್ಲ ಆಯುಷ್ಮಾನ್ ಕಾರ್ಡ್ ಪ್ರಿಂಟ್ ಹಾಕಿಕೊಡುವವನು ನಾನು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬೇಕು, ಇದನ್ನೆಲ್ಲ ನಿದ್ದೆಯಲ್ಲೂ ಹೇಳುತ್ತೇನೆ. ನನ್ನದೇ ಸರದಿ ಬಂದಾಗ ರೇಷನ್ ಕಾರ್ಡಿನಲ್ಲಿ ಒಂದು ಇನಿಷಿಯಲ್, ಆಧಾರಿನಲ್ಲಿ ಇನ್ನೊಂದು. ಬೇರೆಯವರಿಗೆ ಇದನ್ನು ಸರಿಮಾಡಲು 50 ರೂಪಾಯಿ ತಗೊಳ್ಳುತ್ತೇನೆ. ಹನ್ನೊಂದು ದಿನ ಓಡಾಡಿದೆ, ಕೋಲು ಹಿಡಿದು.

2024ರ ಮಾರ್ಚಿನಲ್ಲಿ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್. ಹಿಂದಿನ ಸಂಜೆ ಡಾಕ್ಟರು ಮಾದರಿ ತೋರಿಸಿದರು. ಬಟ್ಟಲಿಗೆ ಟೈಟಾನಿಯಂ ಕಪ್, ಅದರೊಳಗೆ ಬಿಳಿ ಪ್ಲಾಸ್ಟಿಕ್ಕಿನ ಒಳಪದರ, ತೊಡೆಮೂಳೆಯ ಒಳಗೆ ಬಡಿದು ಕೂರಿಸುವ ಲೋಹದ ಕಾಂಡ, ಅದರ ತುದಿಗೆ ನಯವಾದ ಗುಂಡು. ಪ್ಲಾಸ್ಟಿಕ್ ಅಂತ ಕೇಳಿ ನನ್ನ ಮುಖ ಇಳಿಯಿತು. ಆಗ ಅವರು ಜಾನ್ ಚಾರ್ನ್ಲಿ ಅನ್ನುವ ಇಂಗ್ಲೆಂಡಿನ ಸರ್ಜನ್ ಕಥೆ ಹೇಳಿದರು. 1950ರ ದಶಕದ ಕೊನೆಯಲ್ಲಿ ಆತ ಬಟ್ಟಲಿಗೆ ಟೆಫ್ಲಾನ್ ಹಾಕಿದ್ದ. ನಾನ್‌ಸ್ಟಿಕ್ ತವಾದ ಟೆಫ್ಲಾನೇ. ಜನ ಖುಷಿಯಾಗಿ ನಡೆದುಹೋದರು. ಎರಡು ಮೂರು ವರ್ಷಕ್ಕೆ ಟೆಫ್ಲಾನ್ ಸವೆದು, ಅದರ ಪುಡಿ ಸುತ್ತಲಿನ ಮಾಂಸ, ಮೂಳೆ ಹಾಳುಮಾಡಿತು. ಎಷ್ಟೋ ಜನರಿಗೆ ಮತ್ತೆ ಕೊಯ್ಯಬೇಕಾಯಿತು. ಆಮೇಲೆ ಅವನ ಕೈಗೆ ಬಂದದ್ದು ಜವಳಿ ಮಿಲ್ಲಿನ ಯಂತ್ರಗಳ ಗೇರಿಗೆ ಬಳಸುತ್ತಿದ್ದ ಪಾಲಿಎಥಿಲೀನ್. ಈ ಸಲ ಟೆಫ್ಲಾನ್, ಪಾಲಿಎಥಿಲೀನ್ ಎರಡರ ತುಣುಕನ್ನೂ ತನ್ನ ತೊಡೆಯೊಳಗೇ ಹಾಕಿಸಿಕೊಂಡು ನೋಡಿದ. ಟೆಫ್ಲಾನ್ ಇದ್ದ ಜಾಗ ಗಂಟು ಕಟ್ಟಿತು, ಇನ್ನೊಂದು ಕಟ್ಟಲಿಲ್ಲ. 1962ರಿಂದ ಜನರಿಗೆ ಹಾಕಲು ಶುರುಮಾಡಿದ. ಇವತ್ತು ನನ್ನೊಳಗಿರುವುದು ಅದರದೇ ಗಟ್ಟಿಮಾಡಿದ ಮೊಮ್ಮಗು.

ಗೇರು ಅಂದ ಕೂಡಲೇ ನನಗೆ ಧೈರ್ಯ ಬಂತು. ನನ್ನ ಜೆರಾಕ್ಸ್ ಮೆಷಿನ್ನಿನಲ್ಲೂ ಗೇರುಗಳು ಪ್ಲಾಸ್ಟಿಕ್ಕೇ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದರೆ ಏನಾಗುತ್ತೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಲೋಹಕ್ಕೆ ಲೋಹವೇ ಇರುವ ಹಿಪ್ಪುಗಳೂ ಬಂದಿದ್ದವು. ಅಂಥ ಒಂದು ಹೆಸರಾಂತ ಮಾದರಿಯನ್ನು 2010ರಲ್ಲಿ ಕಂಪನಿಯೇ ಲೋಕದ ಎಲ್ಲ ಕಡೆಯಿಂದ ವಾಪಸ್ ತರಿಸಿಕೊಳ್ಳಬೇಕಾಯಿತು.

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಕೆಳಗಿನ ಅರ್ಧ ಮರಗಟ್ಟಿಸಿದರು. ಎಚ್ಚರ ಇತ್ತು, ಮಂಪರೂ ಇತ್ತು. ನೋವು ಇಲ್ಲವೇ ಇಲ್ಲ. ಶಬ್ದ ಮಾತ್ರ ಎಲ್ಲ ಕೇಳಿಸುತ್ತದೆ. ಮೊದಲು ಮರದ ಮಿಲ್ಲು, ಆಮೇಲೆ ಕುಲುಮೆ. ಸುತ್ತಿಗೆ ಬಿದ್ದಾಗೆಲ್ಲ ಇಡೀ ಮೈ ಟೇಬಲ್ ಮೇಲೆ ಅಲ್ಲಾಡುತ್ತಿತ್ತು. ಕಾಂಡ ಒಳಗೆ ಇಳಿಯುತ್ತಾ ಹೋದ ಹಾಗೆ ಏಟಿನ ಸದ್ದು ಬದಲಾಗುತ್ತದೆ, ಗೂಟ ನೆಲದಲ್ಲಿ ಕಚ್ಚಿಕೊಂಡಾಗ ಆಗುವ ಹಾಗೆ. ಡಾಕ್ಟರು ಕೈ ನಿಲ್ಲಿಸಿದ್ದು ಆ ಸದ್ದು ಕೇಳಿಯೇ ಅಂತ ನನ್ನ ನಂಬಿಕೆ.

ತೆಗೆದ ಮೂಳೆಯನ್ನು ಹೊರಗೆ ಹೆಂಡತಿಗೆ ತೋರಿಸಿದರು. ಅವಳು ಫೋಟೋ ಹೊಡೆದಿದ್ದಾಳೆ. ಮೇಲಿನ ಬಿಳಿ ಮೃದ್ವಸ್ಥಿ ಒಂದು ಕಡೆ ಸುಕ್ಕಾಗಿ, ಬೆಂದ ಮೊಟ್ಟೆಯ ಸಿಪ್ಪೆ ಸಡಿಲಾದ ಹಾಗೆ ಎದ್ದು ನಿಂತಿದೆ. ಅದರ ಕೆಳಗೆ ಹಳದಿ, ಒಣ ಸುಣ್ಣದಂಥ ಮೂಳೆ. ಕೊನೆ ಭಾಗದ ಜಮೀನು. ನಾನು ಅದನ್ನು ಅಂಗಡಿಯಲ್ಲಿ ಎ4 ಕಲರ್ ಪ್ರಿಂಟ್ ತೆಗೆದು ಇಟ್ಟುಕೊಂಡಿದ್ದೇನೆ. ಬಿಸಾಡಿ ಅಂತ ಅವಳು ಬೈಯುತ್ತಲೇ ಇದ್ದಾಳೆ.

ಮರುದಿನ ಬೆಳಗ್ಗೆ ವಾಕರ್ ಹಿಡಿದು ನಿಂತೆ. ಕೊಯ್ದ ಜಾಗ ಉರಿಯುತ್ತಿತ್ತು, ಆದರೆ ಹದಿನಾರು ತಿಂಗಳಿಂದ ಜೊತೆಗಿದ್ದ ಆ ಒಳಗಿನ ನೋವು ಇರಲಿಲ್ಲ. ಎರಡು ನೋವು ಎಷ್ಟು ಬೇರೆ ಅಂತ ಆ ಕ್ಷಣ ಗೊತ್ತಾಯಿತು. ಅತ್ತುಬಿಟ್ಟೆ. ನರ್ಸಮ್ಮ ನೋವಿಗೆ ಅಂದುಕೊಂಡು ಮಾತ್ರೆ ತಂದರು.

ಮನೆಗೆ ಬಂದ ಮೇಲಿನ ಕಷ್ಟ ಯಾರೂ ಸರಿಯಾಗಿ ಹೇಳುವುದಿಲ್ಲ. ನಮ್ಮ ಬದುಕೆಲ್ಲ ನೆಲದ ಮೇಲೆ ತಾನೇ. ಹಿಂದಿನಿಂದ ಕೊಯ್ದು ಕೀಲು ಹಾಕಿದ್ದರಿಂದ ಗಾಯ ಮಾಗುವವರೆಗೆ ಮಂಡಿ ಹಿಪ್ಪಿಗಿಂತ ಮೇಲೆ ಬರಬಾರದು, ಕಾಲ ಮೇಲೆ ಕಾಲು ಹಾಕಬಾರದು, ಪಾದ ಒಳಕ್ಕೆ ತಿರುಗಬಾರದು. ಮೂರೂ ಒಟ್ಟಿಗೆ ಆದರೆ ಗುಂಡು ಬಟ್ಟಲಿನಿಂದ ಆಚೆ ಜಾರಬಹುದು. ಆರು ವಾರ ಎರಡು ಕಾಲ ನಡುವೆ ದಿಂಬಿಟ್ಟು ಅಂಗಾತ ಮಲಗಿದೆ. ನಮ್ಮದು ನೆಲದ ಕಕ್ಕಸು. ಪ್ಲಾಸ್ಟಿಕ್ ಕಮೋಡ್ ಕುರ್ಚಿ ತಂದರೆ ಬಾಗಿಲು ಮುಚ್ಚುತ್ತಿರಲಿಲ್ಲ, ಬಾಗಿಲನ್ನೇ ಬಿಚ್ಚಿ ಪರದೆ ಹಾಕಿದೆವು. ಆಪರೇಷನ್ನಿಗೆ ಮೊದಲೇ ಇದನ್ನು ಮಾಡಿಟ್ಟುಕೊಳ್ಳಿ. ಆಪರೇಷನ್ ಆದವನು ಮನೆಗೆ ಬಂದು ಬಡಗಿಗೆ ಕಾಯುವಂತಾಗಬಾರದು. ರಕ್ತ ಹೆಪ್ಪುಗಟ್ಟದಿರಲು ಮಾತ್ರೆ, ದಿನಾ ಪಾದ ಮೇಲೆ ಕೆಳಗೆ ಆಡಿಸುವುದು. ಬೇಜಾರಾದರೂ ಬಿಡಲಿಲ್ಲ.

ಮುದ್ದೆ ಈಗ ಮೇಜಿನ ಮೇಲೆ. ನೆಲದ ಮೇಲೆ ಕೂತು ತಿಂದ ರುಚಿ ಇಲ್ಲ, ಯಾರು ಏನೇ ಹೇಳಲಿ. ಚಕ್ಕಳಮಕ್ಕಳದ ಬಗ್ಗೆ ಡಾಕ್ಟರಿಗೆ ಮೂರು ಸಲ ಕೇಳಿದ್ದೇನೆ. ಮೂರು ಸಲವೂ "ಕುರ್ಚಿ ಇದೆಯಲ್ಲ" ಅಂದರು.

ಇನ್ನು ಬಲಗಡೆ. ಆ ಹುಡುಗಿ "ಎರಡೂ ಕಡೆ" ಅಂದಿದ್ದಳಲ್ಲ. ಎಕ್ಸ್‌ರೇಯಲ್ಲಿ ದುಂಡಗೆ ಕಂಡ ಬಲಗಡೆಯ ತಲೆಯಲ್ಲೂ ಎಂಆರ್‌ಐ ಒಂದು ಸಣ್ಣ ಸತ್ತ ತುಂಡನ್ನು ತೋರಿಸಿತು. ಪುಡಿ ಎರಡು ಕಾಲಿಗೂ ಒಂದೇ ತಾನೇ. ನೋವಿಲ್ಲ, ಕುಸಿದಿಲ್ಲ, ಚಿಕ್ಕದು. ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿ ಕಾಯೋಣ ಅಂದಿದ್ದಾರೆ. ಮಂಗಳವಾರ ಬೆಳಗ್ಗೆ ಖಾಲಿ ಹೊಟ್ಟೆಗೆ ವಾರಕ್ಕೊಂದು ಮಾತ್ರೆ, ಒಂದು ಲೋಟ ನೀರು, ಆಮೇಲೆ ಅರ್ಧ ಗಂಟೆ ಮಲಗುವ ಹಾಗಿಲ್ಲ. ಆ ಅರ್ಧ ಗಂಟೆ ಬೀದಿಯಲ್ಲಿ ಅಡ್ಡಾಡುತ್ತೇನೆ. ಕುಡಿಯುವುದು ಬಿಟ್ಟಿದ್ದೇನೆ. ಅಪರೂಪಕ್ಕೂ ಇಲ್ಲ. ಪುಡಿಯವನು ಮತ್ತೆ ಬರಲಿಲ್ಲ. ಅವನ ಚೀಟಿಯ ಫೈಲು ಕಂಪ್ಯೂಟರಿನಲ್ಲಿ ಹಾಗೇ ಇದೆ, ಎಲೆಬಳ್ಳಿ ಬಾರ್ಡರ್ ಸಮೇತ.

ಮೊನ್ನೆ ಭಾನುವಾರ ಹೆಂಡತಿ ನೈಲ್ ಕಟರ್ ತಂದು ನನ್ನ ಮಡಿಲಿಗೆ ಹಾಕಿ "ಇನ್ಮೇಲೆ ನೀವೇ ನೋಡ್ಕೊಳ್ಳಿ" ಅಂತ ಒಳಗೆ ಹೋದಳು. ಮಂಡಿಯನ್ನು ಹೊರಗಡೆ ಬಿಟ್ಟು, ಎರಡು ಕಾಲ ನಡುವಿನಿಂದ ಕೈ ಹಾಕಬೇಕು, ಫಿಸಿಯೋ ಹುಡುಗಿ ಹೇಳಿಕೊಟ್ಟ ಹಾಗೆ. ಅರ್ಧ ಗಂಟೆ ಹಿಡಿಯಿತು. ಒಂಬತ್ತು ಬೆರಳು ಮುಗಿಸಿದೆ. ಎಡಗಾಲಿನ ಕಿರುಬೆರಳು ಇನ್ನೂ ಸಿಕ್ಕಿಲ್ಲ.